ಉಗ್ಗುವವನು ಬರೆದ ಪ್ರೇಮಪಾಠ

ಹೆಣ್ಣುಮಕ್ಕಳ ಎದುರು ನಿಂತರೆ ನಾಲಿಗೆ ಹೊರಳದ ಒಬ್ಬ ಹುಡುಗ. ಸಣ್ಣ ಊರು, ಚಿಕ್ಕಪ್ಪನ ದರ್ಜಿ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಸೂಜಿ, ದಾರ, ಇಸ್ತ್ರಿ. ಬಿಡುವಾದಾಗ ಅವನು ಬರೆಯುವುದು ಒಂದು ಪುಸ್ತಕ. ಅದರ ಹೆಸರು ‘ಪ್ರೀತಿ ಮಾಡುವ ಗುಟ್ಟು’. ಯಾವ ಬಗೆಯ ಹೆಣ್ಣನ್ನು ಯಾವ ಉಪಾಯದಿಂದ ಗೆಲ್ಲಬೇಕು ಎಂದು ಲೋಕದ ಗಂಡಸರಿಗೆಲ್ಲ ತಿಳಿಹೇಳುವ ಪಾಠ. ಪಾಠ ಹೇಳಹೊರಟವನು ಮಾತ್ರ ಇಲ್ಲಿಯವರೆಗೆ ಯಾವ ಹುಡುಗಿಯ ಮುಂದೆಯೂ ಒಂದು ವಾಕ್ಯವನ್ನು ನೆಟ್ಟಗೆ ಮುಗಿಸಿದವನಲ್ಲ.

1924ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಗರ್ಲ್ ಶೈ’ ಎಂಬ ಮೂಕಿ ಚಿತ್ರದ ಕಥೆ ಇಲ್ಲಿಂದ ಶುರು. ನಾಯಕ ಹೆರಾಲ್ಡ್ ಲಾಯ್ಡ್, ನಾಯಕಿ ಜೊಬೀನಾ ರಾಲ್ಸ್‌ಟನ್, ನಿರ್ದೇಶಕರು ಫ್ರೆಡ್ ನ್ಯೂಮೇಯರ್ ಮತ್ತು ಸ್ಯಾಮ್ ಟೇಲರ್. ಚಿತ್ರಕ್ಕೆ ನೂರು ವರ್ಷ ದಾಟಿದೆ. ಅದರಲ್ಲಿ ಒಂದು ಮಾತೂ ಕೇಳಿಸುವುದಿಲ್ಲ. ಆದರೂ ಇಂದು ನೋಡಿದವರು ನಗುತ್ತಾರೆ, ನಡುವೆ ಒಂದೆರಡು ಕಡೆ ಗಂಟಲು ಕಟ್ಟಿಸಿಕೊಳ್ಳುತ್ತಾರೆ, ಕೊನೆಯ ಭಾಗದಲ್ಲಿ ಕುರ್ಚಿಯ ತುದಿಗೆ ಬರುತ್ತಾರೆ.

ಮೂಕಿ ಕಾಲದ ಹಾಸ್ಯ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಚಾಪ್ಲಿನ್. ಫಿಲ್ಮ್ ಸೊಸೈಟಿಗಳ ನಂಟಿದ್ದವರು ಬಸ್ಟರ್ ಕೀಟನ್ ಹೆಸರನ್ನೂ ಸೇರಿಸುತ್ತಾರೆ. ಲಾಯ್ಡ್ ಮೂರನೆಯವನು. ಹೆಸರು ಕೇಳದವರೂ ಅವನ ಒಂದು ಫೋಟೋವನ್ನು ಎಲ್ಲೋ ನೋಡಿರುತ್ತಾರೆ: ಬಹುಮಹಡಿ ಕಟ್ಟಡದ ಗೋಡೆ, ಅದರ ಮೇಲೊಂದು ದೊಡ್ಡ ಗಡಿಯಾರ, ಗಡಿಯಾರದ ಮುಳ್ಳು ಹಿಡಿದು ನೇತಾಡುತ್ತಿರುವ ಕನ್ನಡಕದ ಯುವಕ. ಅದು 1923ರ ‘ಸೇಫ್ಟಿ ಲಾಸ್ಟ್’ ಚಿತ್ರದ್ದು. 1920ರ ದಶಕದಲ್ಲಿ ಜನಪ್ರಿಯತೆಯಲ್ಲಿ ಈತ ಚಾಪ್ಲಿನ್‌ಗೆ ಹೆಗಲೆಣೆಯಾಗಿದ್ದವನು. ಚಾಪ್ಲಿನ್ ಒಂದೊಂದು ಚಿತ್ರಕ್ಕೂ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ಲಾಯ್ಡ್ 1921ರಿಂದ 1928ರೊಳಗೆ ಹನ್ನೊಂದು ದೊಡ್ಡ ಮೂಕಿ ಚಿತ್ರಗಳನ್ನು ಕೊಟ್ಟ.

ಆರಂಭದಲ್ಲಿ ಅವನೂ ಚಾಪ್ಲಿನ್‌ನ ನೆರಳಿನಲ್ಲೇ ಇದ್ದ. ಲೋನ್‌ಸಮ್ ಲ್ಯೂಕ್ ಎಂಬ ಪಾತ್ರ, ವಿಚಿತ್ರ ಮೀಸೆ, ಅಳತೆಗೆ ಕೂರದ ಬಟ್ಟೆ. 1917ರಲ್ಲಿ ಅದನ್ನೆಲ್ಲ ಕಿತ್ತೆಸೆದು ಒಂದು ಕನ್ನಡಕ ಹಾಕಿಕೊಂಡ. ಗಾಜಿಲ್ಲದ ಬರಿಯ ದುಂಡು ಚೌಕಟ್ಟು. ಅಷ್ಟಕ್ಕೇ ಪಾತ್ರ ಪೂರ್ತಿ ಬದಲಾಯಿತು. ಚಾಪ್ಲಿನ್‌ನ ಅಲೆಮಾರಿಯನ್ನು ಕಂಡರೆ ಕರುಣೆ ಹುಟ್ಟುತ್ತದೆ, ಕೀಟನ್‌ನ ಕಲ್ಲುಮುಖ ಕಂಡರೆ ಬೆರಗು. ಕನ್ನಡಕದ ಲಾಯ್ಡ್ ಮಾತ್ರ ಪಕ್ಕದ ಮನೆಯ ಹುಡುಗ. ಅವನಿಗೆ ಹುಡುಗಿ ಸಿಕ್ಕರೆ ನಂಬಬಹುದು, ಸಿಗದಿದ್ದರೂ ನಂಬಬಹುದು. ಪ್ರೇಮಕಥೆಗೆ ಬೇಕಾದ ಈ ಅನುಮಾನವನ್ನು ಮೂವರಲ್ಲಿ ಅತಿ ಸಲೀಸಾಗಿ ಹುಟ್ಟಿಸಬಲ್ಲವನು ಅವನೇ.

‘ಗರ್ಲ್ ಶೈ’ ಅವನಿಗೆ ಇನ್ನೊಂದು ಕಾರಣಕ್ಕೂ ಮುಖ್ಯವಾಗಿತ್ತು. ಬಹುಕಾಲ ಜೊತೆಗಿದ್ದ ನಿರ್ಮಾಪಕ ಹಾಲ್ ರೋಚ್‌ನಿಂದ ಬೇರೆಯಾಗಿ ಸ್ವಂತ ಸಂಸ್ಥೆ ಕಟ್ಟಿ ತೆಗೆದ ಮೊದಲ ಚಿತ್ರ ಇದು. ಗೆದ್ದರೆ ಅವನ ಗೆಲುವು, ಸೋತರೆ ಅವನ ಕೈಯಿಂದಲೇ ಹಣ. ಅಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಯಾರಾದರೂ ಗೊತ್ತಿರುವ ದಾರಿ ಹಿಡಿಯುತ್ತಾರೆ, ಇನ್ನೊಂದು ಗಡಿಯಾರ ಹುಡುಕುತ್ತಾರೆ. ಲಾಯ್ಡ್ ಹಿಡಿದದ್ದು ನಾಚಿಕೆಯ ಹುಡುಗನ ಕಥೆ.

ಅದರಲ್ಲೂ ಉಗ್ಗುವ ಹುಡುಗ! ಯೋಚಿಸಿದರೆ ಇದೊಂದು ತುಂಟ ಆಯ್ಕೆ. ಉಗ್ಗು ಕಿವಿಗೆ ಸಂಬಂಧಪಟ್ಟದ್ದು. ಮೂಕಿ ಚಿತ್ರದಲ್ಲಿ ನಿರರ್ಗಳವಾಗಿ ಮಾತಾಡುವವನ ದನಿಯೂ ಕೇಳದು, ತಡವರಿಸುವವನ ದನಿಯೂ ಕೇಳದು. ಹಾಗಿರುವಾಗ ಉಗ್ಗನ್ನು ತೋರಿಸುವುದು ಹೇಗೆ? ಲಾಯ್ಡ್ ಅದನ್ನು ಮೈಯೆಲ್ಲದರಿಂದ ಮಾಡುತ್ತಾನೆ. ತುಟಿ ಒಂದೇ ಅಕ್ಷರದ ಮೇಲೆ ಸಿಕ್ಕಿಕೊಳ್ಳುತ್ತದೆ, ಗಲ್ಲ ಉಬ್ಬುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ಕನ್ನಡಕದ ಹಿಂದೆ ಕಣ್ಣು ಅರಳುತ್ತದೆ. ನೋಡುವವರಿಗೂ ಹೊಟ್ಟೆಯೊಳಗೆ ಒಂದು ಬಿಗಿತ. ಅದನ್ನು ಬಿಡಿಸಲು ಒಂದೇ ಮದ್ದು: ಯಾರಾದರೂ ಸೀಟಿ ಊದಬೇಕು. ಸೀಟಿಯ ಸದ್ದಿಗೆ ಬೆಚ್ಚಿ ಅವನ ಮಾತಿನ ಕಟ್ಟೆ ಒಡೆಯುತ್ತದೆ. ಹೀಗೆ ಉಗ್ಗು ಮತ್ತು ಸೀಟಿ, ಎರಡು ಸದ್ದುಗಳ ಮೇಲೆ ಸದ್ದೇ ಇಲ್ಲದ ಚಿತ್ರವೊಂದನ್ನು ನಿಲ್ಲಿಸಿದ್ದಾರೆ.

ಉಗ್ಗನ್ನು ನಗೆಗೆ ಬಳಸುವುದು ಇಂದಿನವರಿಗೆ ಸ್ವಲ್ಪ ಇರುಸುಮುರುಸಾದರೆ ತಪ್ಪಿಲ್ಲ. ನಮ್ಮ ಸಿನಿಮಾ ಮತ್ತು ನಾಟಕಗಳಲ್ಲಿ ತೊದಲುವ ಪಾತ್ರವನ್ನು ಪಕ್ಕಕ್ಕೆ ನಿಲ್ಲಿಸಿ ಸುಲಭದ ಚಪ್ಪಾಳೆ ಗಿಟ್ಟಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಇಲ್ಲಿ ವ್ಯತ್ಯಾಸವಿದೆ. ತೊದಲುವವನೇ ನಾಯಕ, ಕಥೆಯ ನೋವೆಲ್ಲ ಅವನ ಪಾಲಿನದು. ಪ್ರೇಕ್ಷಕ ಅವನ ಹೊರಗೆ ನಿಂತು ನಗುವುದಕ್ಕಿಂತ ಅವನೊಳಗೆ ಕೂತು ಒದ್ದಾಡುವುದೇ ಹೆಚ್ಚು.

ಪುಸ್ತಕದ ಅಧ್ಯಾಯಗಳನ್ನು ಚಿತ್ರ ಕನಸಿನಂತೆ ತೋರಿಸುತ್ತದೆ. ಒಂದರಲ್ಲಿ ‘ವ್ಯಾಂಪ್’, ಅಂದರೆ ಗಂಡಸರ ಜೀವ ಹಿಂಡುವ ಮಾಯಗಾತಿ. ಅವಳನ್ನು ಗೆಲ್ಲುವ ಉಪಾಯ ಉದಾಸೀನ: ಅವಳು ಕಾಲಿಗೆ ಬಿದ್ದರೂ ನಮ್ಮ ದರ್ಜಿ ಹುಡುಗ ತಿರುಗಿ ನೋಡುವುದಿಲ್ಲ. ಇನ್ನೊಂದರಲ್ಲಿ ‘ಫ್ಲ್ಯಾಪರ್’, ಆ ದಶಕದ ಹೊಸ ಹುಡುಗಿ, ಕೂದಲು ಕತ್ತರಿಸಿಕೊಂಡು ಪಾರ್ಟಿಗಳಲ್ಲಿ ಕುಣಿಯುವವಳು. ಅವಳಿಗೆ ಗುಹಾಮಾನವನ ಒರಟುತನವೇ ಮದ್ದು ಎಂದು ಪುಸ್ತಕದ ತೀರ್ಪು. ಈ ಎರಡನೆಯ ಕನಸಿನಲ್ಲಿ ಅವನು ಹುಡುಗಿಯನ್ನು ಎಳೆದಾಡುವ ರೀತಿ ಇವತ್ತು ನಗು ತರಿಸುವುದಿಲ್ಲ.

ಆದರೆ ಚಿತ್ರ ಯಾರನ್ನು ಲೇವಡಿ ಮಾಡುತ್ತಿದೆ ಎಂಬುದನ್ನು ಗಮನಿಸಬೇಕು. ಮಾಯಗಾತಿಯನ್ನು 1910ರ ದಶಕದಲ್ಲಿ ಥೀಡಾ ಬಾರಾ ಎಂಬ ನಟಿ ಹಾಲಿವುಡ್‌ನಲ್ಲಿ ಮನೆಮಾತಾಗಿಸಿದ್ದಳು. ಫ್ಲ್ಯಾಪರ್ ಆಗಿನ ಪತ್ರಿಕೆ, ಸಿನಿಮಾಗಳ ತುಂಬ ಇದ್ದಳು. ಹೆಣ್ಣಿನ ಬಗ್ಗೆ ಈ ಹುಡುಗನಿಗೆ ಗೊತ್ತಿರುವುದೆಲ್ಲ ತೆರೆಯ ಮೇಲಿನಿಂದ ಎತ್ತಿದ್ದು. ಸಿನಿಮಾ ಕಲಿಸಿದ ಪ್ರೇಮವನ್ನು ಸಿನಿಮಾವೇ ಗೇಲಿ ಮಾಡಿಕೊಳ್ಳುತ್ತಿದೆ. ಅದೂ 1924ರಷ್ಟು ಹಿಂದೆ!

ನಿಜವಾದ ಹುಡುಗಿ ಬರುವುದು ರೈಲಿನಲ್ಲಿ.

ಹಸ್ತಪ್ರತಿ ಹಿಡಿದು ಹೆರಾಲ್ಡ್ (ಪಾತ್ರದ ಹೆಸರೂ ಅದೇ) ಲಾಸ್ ಏಂಜಲೀಸ್‌ನ ಪ್ರಕಾಶಕರ ಬಳಿಗೆ ಹೊರಟಿದ್ದಾನೆ. ಅದೇ ರೈಲಿಗೆ ಮೇರಿ ಎಂಬ ಸಿರಿವಂತರ ಮನೆ ಹುಡುಗಿ ಹತ್ತುತ್ತಾಳೆ. ಅವಳ ಕಾರು ಅವನ ಊರಿನಲ್ಲಿ ಕೆಟ್ಟು ನಿಂತಿದೆ. ಕೈಯಲ್ಲಿ ಒಂದು ಪುಟ್ಟ ಪೊಮೆರೇನಿಯನ್ ನಾಯಿ. ಬೋಗಿಯೊಳಗೆ ನಾಯಿ ತರುವಂತಿಲ್ಲ. ನಾಯಿ ಕೆಳಗೆ ಹಾರುತ್ತದೆ, ಹೆರಾಲ್ಡ್ ಅದನ್ನು ಪಾರುಮಾಡಿ ಒಡತಿಗೆ ಒಪ್ಪಿಸುತ್ತಾನೆ. ಅಲ್ಲಿಂದ ಮುಂದೆ ನಾಯಿಯನ್ನು ಟಿ.ಸಿ. ಕಣ್ಣಿಗೆ ಬೀಳದಂತೆ ಕಾಪಾಡುವುದು ಇಬ್ಬರ ಜಂಟಿ ಜವಾಬ್ದಾರಿ.

ಮೂಕಿ ಚಿತ್ರದ ಸೊಗಸು ಏನು ಎಂದು ಯಾರಾದರೂ ಕೇಳಿದರೆ ಈ ಹತ್ತು ನಿಮಿಷ ತೋರಿಸಿದರೆ ಸಾಕು. ನಾಯಿ ಬೊಗಳುವುದು ನಮಗೆ ಕೇಳುವುದಿಲ್ಲ. ಆದರೂ ಬೊಗಳಿತು ಎಂದು ಗೊತ್ತಾಗುತ್ತದೆ, ಏಕೆಂದರೆ ಹೆರಾಲ್ಡ್‌ನ ಮುಖ ಬಿಳಿಚಿಕೊಳ್ಳುತ್ತದೆ, ಟಿ.ಸಿ. ಕತ್ತು ಹೊರಳಿಸುತ್ತಾನೆ, ಮೇರಿ ಏನೂ ಅರಿಯದವಳಂತೆ ಕಿಟಕಿಯಾಚೆ ನೋಡುತ್ತಾಳೆ. ಸದ್ದು ಮೂರು ಮುಖಗಳ ಮೇಲೆ ಹಾದುಹೋಗುತ್ತದೆ. ಅಪರಿಚಿತರಿಬ್ಬರು ಹತ್ತಿರವಾಗಲು ಸೇರಿ ಮಾಡಿದ ಸಣ್ಣ ಕಳ್ಳತನಕ್ಕಿಂತ ಒಳ್ಳೆಯ ನೆಪ ಬೇರಿಲ್ಲ ಎಂಬುದು ಚಿತ್ರಕಥೆ ಬರೆದವರಿಗೆ ಗೊತ್ತಿತ್ತು. ಇಲ್ಲಿ ‘ನೀನು ಚೆಲುವೆ’ ಎಂಬ ಮಾತಿಲ್ಲ, ಕೈ ಹಿಡಿಯುವುದಿಲ್ಲ. ಒಂದು ನಾಯಿಯನ್ನು ಬಚ್ಚಿಡುವುದಿದೆ, ಅಷ್ಟೇ.

ಅವಳು ಅವನ ತೊಡೆಯ ಮೇಲಿನ ಕಾಗದದ ಕಟ್ಟನ್ನು ನೋಡಿ ಅದೇನೆಂದು ವಿಚಾರಿಸುತ್ತಾಳೆ. ಅವನು ಪುಸ್ತಕದ ವಿಷಯ ಹೇಳತೊಡಗುತ್ತಾನೆ. ಹೇಳುವ ಹುಮ್ಮಸ್ಸಿನಲ್ಲಿ ಉಗ್ಗುವುದನ್ನೇ ಮರೆಯುತ್ತಾನೆ. ಸೀಟಿ ಊದಿದವರು ಯಾರೂ ಇಲ್ಲ. ಹೊರಗೆ ರೈಲು ಊರು ಮುಟ್ಟಿದೆ, ಜನರೆಲ್ಲ ಇಳಿದುಹೋಗಿದ್ದಾರೆ, ಖಾಲಿ ಬೋಗಿಯಲ್ಲಿ ಇವರಿಬ್ಬರು ಮಾತ್ರ ಇನ್ನೂ ಮಾತಾಡುತ್ತ ಕೂತಿದ್ದಾರೆ. ಪ್ರೇಮ ಹುಟ್ಟಿತು ಎಂದು ತೆರೆಯ ಮೇಲೆ ಬರೆದು ತೋರಿಸುವ ಅಗತ್ಯ ಬೀಳುವುದಿಲ್ಲ.

ಬರೆದು ತೋರಿಸುವುದು ಎಂದರೆ ಅಕ್ಷರಫಲಕ. ದೃಶ್ಯದ ನಡುವೆ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೆರಡು ಸಾಲು ಬಂದುಹೋಗುತ್ತಿತ್ತು. ಅದು ಪಾತ್ರದ ಮಾತಿರಬಹುದು, ಇಲ್ಲವೇ ಕಥೆ ಹೇಳುವವನ ಟೀಕೆ. ಒಳ್ಳೆಯ ನಿರ್ದೇಶಕರು ಅದನ್ನು ಉಪ್ಪಿನಂತೆ ಬಳಸುತ್ತಿದ್ದರು. ಫಲಕ ಬಂದಾಗಲೆಲ್ಲ ನಟನ ಮುಖ ಮರೆಯಾಗುತ್ತದೆ, ಓಟ ನಿಲ್ಲುತ್ತದೆ, ಓದು ಬಾರದ ಪ್ರೇಕ್ಷಕ ಹೊರಗುಳಿಯುತ್ತಾನೆ. ಆದ್ದರಿಂದ ಕೆಲಸದಿಂದ ಆಗುವುದನ್ನು ಮಾತಿಗೆ ಬಿಡುತ್ತಿರಲಿಲ್ಲ. ಇನ್ನು ‘ಮೂಕಿ’ ಎಂಬ ಹೆಸರಿದ್ದರೂ ಚಿತ್ರಮಂದಿರ ಮೂಕವಾಗಿರಲಿಲ್ಲ. ಸಣ್ಣ ಊರಿನಲ್ಲಿ ಒಂದು ಪಿಯಾನೋ, ದೊಡ್ಡ ನಗರದಲ್ಲಿ ವಾದ್ಯವೃಂದ. ಅಮೆರಿಕದ ಭಾರಿ ಥಿಯೇಟರ್‌ಗಳಲ್ಲಿ ಆರ್ಗನ್ ಇರುತ್ತಿತ್ತು. ಗಂಟೆ, ಸೀಟಿ, ಗುಡುಗು ಮುಂತಾದ ಸದ್ದುಗಳೂ ಅದರಿಂದಲೇ ಹೊರಡುತ್ತಿದ್ದವು.

ಹಳೆಯ ಚಿತ್ರಗಳಲ್ಲಿ ಜನ ಕೀಲುಗೊಂಬೆಗಳಂತೆ ದಡಬಡ ಓಡಾಡುವುದೇಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬಹುದು. ಆಗ ಛಾಯಾಗ್ರಾಹಕರು ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಂತಿಷ್ಟೇ ಚೌಕಟ್ಟು ಎಂಬ ಕಟ್ಟುನಿಟ್ಟು ಇರಲಿಲ್ಲ. ಸದ್ದು ಬಂದ ಮೇಲೆ ಸೆಕೆಂಡಿಗೆ 24 ಎಂದು ನಿಗದಿಯಾಯಿತು. ಅದಕ್ಕಿಂತ ನಿಧಾನವಾಗಿ ತೆಗೆದ ಚಿತ್ರವನ್ನು ಈ ವೇಗದಲ್ಲಿ ಓಡಿಸಿದರೆ ನಡಿಗೆ ಕುಣಿತವಾಗುತ್ತದೆ. ದೋಷ ಓಡಿಸುವ ವೇಗದ್ದು. ಬೆನ್ನಟ್ಟುವ ದೃಶ್ಯಗಳಲ್ಲಿ ಮಾತ್ರ ಬೇಕೆಂದೇ ಹಿಡಿಯನ್ನು ನಿಧಾನ ತಿರುಗಿಸಿ ತೆರೆಯ ಮೇಲೆ ವೇಗ ಹೆಚ್ಚಿಸುತ್ತಿದ್ದರು. ಪ್ರೇಮದ ದೃಶ್ಯಕ್ಕೆ ಸಹಜ ಗತಿ, ಓಟಕ್ಕೆ ಕದ್ದ ವೇಗ.

ರೈಲಿನ ಪ್ರಯಾಣದಿಂದ ಇಬ್ಬರ ಬಳಿಯೂ ಒಂದೊಂದು ಖಾಲಿ ಡಬ್ಬಿ ಉಳಿಯುತ್ತದೆ. ಅವಳ ಬಳಿ ಕ್ರ್ಯಾಕರ್ ಜ್ಯಾಕ್ ಡಬ್ಬಿ. ಜೋಳದ ಅರಳು, ಕಡಲೆಕಾಯಿ ಬೀಜಗಳನ್ನು ಕಾಕಂಬಿ ಪಾಕದಲ್ಲಿ ಹೊರಳಿಸಿ ಮಾಡುವ ಈ ತಿಂಡಿ ಅಮೆರಿಕದ ರೈಲು, ಜಾತ್ರೆ, ಆಟದ ಮೈದಾನಗಳಲ್ಲೆಲ್ಲ ಸಿಗುತ್ತಿತ್ತು. ಅವನ ಬಳಿ ಇರುವುದು ನಾಯಿ ಬಿಸ್ಕತ್ತಿನ ಡಬ್ಬಿ! ಹೂವಲ್ಲ, ಉಂಗುರವಲ್ಲ, ಪತ್ರವಲ್ಲ. ಎಸೆಯಬೇಕಾದ ರಟ್ಟು. ಅದನ್ನು ಅವನು ಎತ್ತಿಟ್ಟುಕೊಂಡು ನೋಡುವ ಬಗೆ ನೋಡಿದವರಿಗೆ ಮುಂದಿನದು ತಿಳಿದುಹೋಗುತ್ತದೆ.

ಮೇರಿಗೂ ಅದೇ ಪಾಡು. ಅವಳನ್ನು ಮದುವೆಯಾಗಲು ರೊನಾಲ್ಡ್ ಎಂಬ ಶ್ರೀಮಂತ ಬೆನ್ನು ಹತ್ತಿದ್ದಾನೆ. ಅವಳೋ ಒಂದಲ್ಲ ಒಂದು ನೆಪ ಮಾಡಿ ಆ ಸಣ್ಣ ಊರಿನ ದಾರಿಯಲ್ಲೇ ಕಾರು ಓಡಿಸುತ್ತಾಳೆ. ಕೊನೆಗೆ ಇಬ್ಬರೂ ಹೊಳೆಯ ಬಳಿ ಮತ್ತೆ ಎದುರಾಗುತ್ತಾರೆ, ಡಬ್ಬಿಗಳ ಗುಟ್ಟು ಬಯಲಾಗುತ್ತದೆ. ರಾಲ್ಸ್‌ಟನ್‌ಳ ನಟನೆಯನ್ನು ಇಲ್ಲಿ ಹೊಗಳಲೇಬೇಕು. ಹಾಸ್ಯಚಿತ್ರದ ನಾಯಕಿ ಎಂದರೆ ನಾಯಕ ಬೀಳುವುದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿಯುವವಳು ಎಂಬಂತಿದ್ದ ಕಾಲ. ಈಕೆ ಹಾಗಲ್ಲ. ಅವಳ ಕಣ್ಣಲ್ಲಿ ತುಂಟತನವಿದೆ, ಅವನ ಪೆದ್ದುತನ ಅವಳಿಗೆ ಪೂರ್ತಿ ಗೊತ್ತಿದೆ, ಗೊತ್ತಿದ್ದೂ ಅವನೇ ಬೇಕು. ಲಾಯ್ಡ್ ಜೊತೆ ಅವಳು ಒಟ್ಟು ಆರು ದೊಡ್ಡ ಚಿತ್ರಗಳಲ್ಲಿ ನಟಿಸಿದಳು. ಮುಂದೆ ಮೊತ್ತಮೊದಲ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೆನಿಸಿದ ‘ವಿಂಗ್ಸ್’ನಲ್ಲೂ ಇದ್ದಾಳೆ. ಆದರೆ ಅವಳ ಹೆಸರನ್ನು ಈಗ ನೆನೆಯುವವರು ಕಡಿಮೆ.

ನಗೆಯ ಚಿತ್ರ ಇಲ್ಲಿ ಒಮ್ಮೆಲೇ ಕಹಿಯಾಗುತ್ತದೆ. ಪ್ರಕಾಶಕರ ಕಚೇರಿಯಲ್ಲಿ ಹಸ್ತಪ್ರತಿ ಓದಿದ ಸಿಬ್ಬಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಹೆರಾಲ್ಡ್ ತನ್ನ ಪುಸ್ತಕದ ಬಗ್ಗೆ ತಿಳಿಯಲು ಬಂದಾಗ ಅವನ ಮುಖದ ಮೇಲೇ ನಗು, ಮತ್ತು ತಿರಸ್ಕಾರ. ಪುಸ್ತಕವಿಲ್ಲದೆ ಹಣವಿಲ್ಲ, ಹಣವಿಲ್ಲದೆ ಶ್ರೀಮಂತರ ಮಗಳನ್ನು ಕೇಳುವ ಮುಖವಿಲ್ಲ. ಅವಳನ್ನು ತನ್ನಿಂದ ದೂರ ಮಾಡಲು ಅವನು ಸುಳ್ಳು ಹೇಳುತ್ತಾನೆ: ನಿನ್ನ ಜೊತೆ ಒಡನಾಡಿದ್ದೆಲ್ಲ ಪುಸ್ತಕಕ್ಕೆ ವಿಷಯ ಬೇಕು ಎಂದು, ಇನ್ನೊಂದು ಅಧ್ಯಾಯಕ್ಕಾಗಿ. ಪ್ರೇಮದ ಗುಟ್ಟು ಬರೆದ ಪಂಡಿತ ತನ್ನ ವಿದ್ಯೆಯನ್ನು ನಿಜವಾಗಿ ಬಳಸುವುದು ಇದೊಂದೇ ಸಲ, ಅದೂ ಪ್ರೀತಿಸಿದವಳ ಮನಸ್ಸು ಮುರಿಯಲು. ಈ ದೃಶ್ಯದಲ್ಲಿ ಲಾಯ್ಡ್ ಒಂದು ತಮಾಷೆಯನ್ನೂ ತುರುಕುವುದಿಲ್ಲ. ಸಾಹಸಕ್ಕೆ ಹೆಸರಾದ ನಟನ ನಿಜವಾದ ಧೈರ್ಯ ಗಡಿಯಾರಕ್ಕಿಂತ ಇಲ್ಲಿ ಹೆಚ್ಚು ಕಾಣುತ್ತದೆ ಎಂದರೂ ಅತಿಶಯವಲ್ಲ.

ಆಮೇಲಿನ ತಿರುವು ಮತ್ತೆ ಹಾಸ್ಯದ್ದೇ. ಸಿಬ್ಬಂದಿ ಇಷ್ಟು ನಕ್ಕರೆ ಊರೂ ನಗುತ್ತದಲ್ಲ ಎಂದು ಪ್ರಕಾಶಕನಿಗೆ ಹೊಳೆಯುತ್ತದೆ. ಪುಸ್ತಕವನ್ನು ‘ದಡ್ಡನ ದಿನಚರಿ’ ಎಂಬ ಅರ್ಥದ ಹೆಸರಿನಲ್ಲಿ ಹಾಸ್ಯಕೃತಿಯಾಗಿ ತರಲು ತೀರ್ಮಾನಿಸಿ 3,000 ಡಾಲರ್ ಮುಂಗಡದ ಚೆಕ್ ಕಳಿಸುತ್ತಾನೆ. ಲಕೋಟೆ ಕಂಡ ಹೆರಾಲ್ಡ್ ಅದು ನಿರಾಕರಣೆಯ ಪತ್ರವೆಂದು ತೆರೆಯದೆಯೇ ಹರಿದು ಹಾಕುತ್ತಾನೆ. ಚೂರುಗಳಲ್ಲಿ ಚೆಕ್ ಕಂಡವರು ಚಿಕ್ಕಪ್ಪ. ಲೇಖನ ಕಳಿಸಿ ಅಂಚೆಯವನ ದಾರಿ ಕಾದ ಯಾರಿಗಾದರೂ ಈ ದೃಶ್ಯ ಕರುಳಿಗೆ ತಾಗುತ್ತದೆ.

ಅಷ್ಟರಲ್ಲಿ ಮೇರಿ ರೊನಾಲ್ಡ್‌ನನ್ನು ಮದುವೆಯಾಗಲು ಒಪ್ಪಿದ್ದಾಳೆ, ಮದುವೆ ಇವತ್ತೇ. ಅವನಿಗೆ ಆಗಲೇ ಹೆಂಡತಿ ಇದ್ದಾಳೆ ಎಂಬ ಸಂಗತಿ ಆ ಹೆಂಡತಿಯಿಂದಲೇ ಹೆರಾಲ್ಡ್‌ಗೆ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ಇದು ಚಿತ್ರಕಥೆಯ ಸಡಿಲ ಗಂಟು. ಸಮಯಕ್ಕೆ ಸರಿಯಾಗಿ ಬಾಗಿಲು ತಟ್ಟುವ ಮೊದಲ ಹೆಂಡತಿಯನ್ನು ನಮ್ಮ ಕಂಪನಿ ನಾಟಕದವರೂ ನಾಚದೆ ಕರೆತರುತ್ತಿರಲಿಲ್ಲ. ಆದರೆ ಮುಂದೆ ಬರುವ ಓಟದ ಮುಂದೆ ಯಾರಿಗೂ ಅದರ ನೆನಪು ಉಳಿಯುವುದಿಲ್ಲ.

ಕನ್ನಡ ಪ್ರೇಕ್ಷಕರಿಗೆ ಕಲ್ಯಾಣಮಂಟಪಕ್ಕೆ ಓಡುವ ನಾಯಕ ಹೊಸಬನಲ್ಲ. ಮಾಂಗಲ್ಯ ಇನ್ನೇನು ಬೀಳಬೇಕು, ಅಷ್ಟರಲ್ಲಿ ಬಾಗಿಲಲ್ಲಿ ‘ನಿಲ್ಲಿಸಿ’ ಎಂಬ ಕೂಗು. ಹೆರಾಲ್ಡ್‌ನ ಪಾಡೇ ಬೇರೆ: ರೈಲು ತಪ್ಪಿಹೋಗಿದೆ, ನಗರ ದೂರವಿದೆ, ಓಡಿ ತಲುಪಿದರೂ ‘ನಿಲ್ಲಿಸಿ’ ಎನ್ನಲು ಅವನ ನಾಲಿಗೆ ಏಳುವುದಿಲ್ಲ. ಅಲ್ಲಿಂದ ಅವನು ಕೈಗೆ ಸಿಕ್ಕ ಕಾರು ಹತ್ತುತ್ತಾನೆ. ಒಂದು ಕಳ್ಳಬಟ್ಟಿ ಸಾಗಿಸುವವರದು, ಹಿಂದೆ ಪೊಲೀಸರು. ಅಮೆರಿಕದಲ್ಲಿ ಆಗ ಪಾನನಿಷೇಧದ ಕಾಲ, 1920ರಿಂದ 1933ರವರೆಗೆ ಅದು ಜಾರಿಯಲ್ಲಿತ್ತು. ಕಾರು ಹೋದರೆ ಟ್ರಾಮ್, ಟ್ರಾಮ್ ಹೋದರೆ ಮೋಟರ್‌ಸೈಕಲ್, ಅದೂ ಹೋದರೆ ಕುದುರೆಗಾಡಿ. ಯಾವುದನ್ನೂ ಅವನು ಕೇಳಿ ಪಡೆಯುವುದಿಲ್ಲ. ಕೇಳಲು ಮಾತು ಬರಬೇಕಲ್ಲ!

ಇಡೀ ಓಟದಲ್ಲಿ ಮನಸ್ಸಿನಲ್ಲಿ ನಿಲ್ಲುವುದು ಟ್ರಾಮಿನ ತುಣುಕು. ಆ ಕಾಲದ ಟ್ರಾಮಿನ ನೆತ್ತಿಯ ಮೇಲೆ ಒಂದು ಉದ್ದನೆಯ ಕೋಲು, ಮೇಲಿನ ವಿದ್ಯುತ್ ತಂತಿಗೆ ಒತ್ತಿಕೊಂಡು ಸಾಗುತ್ತದೆ. ಕೋಲು ತಂತಿಯಿಂದ ಜಾರಿದರೆ ಟ್ರಾಮ್ ನಿಂತಿತು. ಹೆರಾಲ್ಡ್ ಓಡಿಸುತ್ತಿರುವ ಟ್ರಾಮಿಗೂ ಹಾಗೇ ಆಗುತ್ತದೆ. ಅವನು ಮೇಲೆ ಹತ್ತಿ ಕೋಲನ್ನು ತಂತಿಗೆ ಕೂರಿಸುತ್ತಾನೆ. ತಕ್ಷಣ ವಿದ್ಯುತ್ ಹರಿದು ಟ್ರಾಮ್ ಹೊರಟೇಬಿಡುತ್ತದೆ. ಕೆಳಗೆ ಚಾಲಕನಿಲ್ಲ, ಮೇಲೆ ಇವನು. ಮುಂದಿನ ಗಳಿಗೆಯಲ್ಲಿ ಅವನು ಆ ಕೋಲಿಗೇ ಜೋತುಬಿದ್ದು ರಸ್ತೆಯ ಮೇಲೆ ಓಲಾಡುತ್ತಿದ್ದಾನೆ, ಕೆಳಗೆ ಬಂದ ಕಾರಿನೊಳಕ್ಕೆ ಬೀಳುವವರೆಗೆ. ಹಿನ್ನೆಲೆಯಲ್ಲಿ ಜಾರಿಹೋಗುವುದು ಬಣ್ಣದ ಪರದೆಯಲ್ಲ, ನಿಜವಾದ ಲಾಸ್ ಏಂಜಲೀಸ್ ಪ್ರದೇಶದ ಬೀದಿಗಳು, ಅಂಗಡಿ ಸಾಲು, ದಾರಿಹೋಕರು.

ಇದನ್ನು ನೋಡುವಾಗ ಇನ್ನೊಂದು ಸಂಗತಿ ತಿಳಿದಿದ್ದರೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. 1919ರ ಆಗಸ್ಟ್‌ನಲ್ಲಿ ಪ್ರಚಾರದ ಫೋಟೋ ತೆಗೆಸುವಾಗ, ಆಟಿಕೆ ಎಂದುಕೊಂಡಿದ್ದ ಬಾಂಬು ಲಾಯ್ಡ್‌ನ ಕೈಯಲ್ಲೇ ಸಿಡಿದಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಕೆಲಕಾಲ ಕಣ್ಣೇ ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ. ಆನಂತರದ ಚಿತ್ರಗಳಲ್ಲೆಲ್ಲ ಅವನು ಕೃತಕ ಬೆರಳುಗಳಿದ್ದ ಕೈಗವಸು ತೊಟ್ಟು ನಟಿಸಿದ. ಅಪಾಯ ಹೆಚ್ಚಿದ್ದ ಕಡೆ ಬದಲಿ ಸಾಹಸಿಗರನ್ನು ಬಳಸಿದ್ದೂ ಉಂಟು. ಆದರೂ ಗಡಿಯಾರದ ಮುಳ್ಳು ಹಿಡಿದದ್ದು, ಕೋಲಿಗೆ ಜೋತುಬಿದ್ದದ್ದು ಎಂಟೇ ಬೆರಳಿನ ಮನುಷ್ಯ.

ಕೊನೆಗೂ ಅವನು ಮದುವೆ ಮನೆ ಮುಟ್ಟುತ್ತಾನೆ, ಧೂಳು ಮೆತ್ತಿಕೊಂಡು. ಎಲ್ಲರೂ ತಿರುಗಿ ನೋಡುತ್ತಾರೆ. ಹೇಳಬೇಕಾದ್ದು ಒಂದೇ ವಾಕ್ಯ: ಇವನಿಗೆ ಮದುವೆಯಾಗಿದೆ. ತುಟಿ ಸಿಕ್ಕಿಕೊಳ್ಳುತ್ತದೆ, ಗಲ್ಲ ಉಬ್ಬುತ್ತದೆ, ಮಾತು ಹೊರಡದು. ಅವನು ಹೆಚ್ಚು ಹೊತ್ತು ಒದ್ದಾಡುವುದಿಲ್ಲ. ಮದುಮಗಳನ್ನು ಅನಾಮತ್ತಾಗಿ ಎತ್ತಿಕೊಂಡು ಹೊರಗೆ ನಡೆದುಬಿಡುತ್ತಾನೆ. ಪುಸ್ತಕದಲ್ಲಿ ಅವನೇ ಬರೆದ ಗುಹಾಮಾನವನ ಉಪಾಯ ಇದೇ ಅಲ್ಲವೆ? ಕನಸಿನಲ್ಲಿ ಜಂಬವಾಗಿದ್ದದ್ದು ಇಲ್ಲಿ ಬೇರೆ ದಾರಿಯಿಲ್ಲದವನ ಕೊನೆಯ ಪ್ರಯತ್ನವಾಗಿ ಬಂದಿದೆ. ಹೊರಗೆ ಬಂದ ಮೇಲೆ ಮದುವೆಯ ಪ್ರಸ್ತಾಪ ಮಾಡಲು ಮತ್ತೆ ನಾಲಿಗೆ ಕಟ್ಟುತ್ತದೆ. ಆ ಹೊತ್ತಿಗೆ ದಾರಿಯಲ್ಲಿ ಅಂಚೆಯವನು ಸೀಟಿ ಊದುತ್ತಾನೆ. ಅಮೆರಿಕದ ಅಂಚೆಯವರು ಆಗ ಕಾಗದ ಬಂದಿದೆ ಎಂದು ತಿಳಿಸಲು ಸೀಟಿ ಊದುವ ರೂಢಿಯಿತ್ತು. ಇಷ್ಟು ಸಾಕು, ಮಿಕ್ಕದ್ದನ್ನು ಇಲ್ಲಿ ಹೇಳಬೇಕಾಗಿಲ್ಲ.

ಈ ಕೊನೆಯ ಓಟ ಮುಂದೆ ಎಷ್ಟೋ ಚಿತ್ರಗಳಿಗೆ ಮಾದರಿಯಾಯಿತು. 1967ರ ‘ದಿ ಗ್ರಾಜುಯೇಟ್’ ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ಚರ್ಚಿಗೆ ಓಡುವ ದೃಶ್ಯವನ್ನು ವಿಮರ್ಶಕರು ಇದರ ಪಕ್ಕದಲ್ಲಿಟ್ಟು ನೋಡುವುದುಂಟು.

ಸ್ವಾರಸ್ಯವೆಂದರೆ ಅದೇ 1924ರಲ್ಲಿ ಬಂದ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ ಕೂಡ ಪ್ರೇಮದಲ್ಲಿ ಪಾಠ ಹುಡುಕುವ ಪೆದ್ದನ ಕಥೆ. ಅಲ್ಲಿ ನಾಯಕ ಚಿತ್ರಮಂದಿರದ ಪ್ರೊಜೆಕ್ಟರ್ ಓಡಿಸುವವನು. ಕೊನೆಯಲ್ಲಿ ಹುಡುಗಿ ಪಕ್ಕದಲ್ಲೇ ನಿಂತಿದ್ದಾಳೆ, ಇವನಿಗೆ ಮುಂದೇನು ಮಾಡಬೇಕೆಂದು ತಿಳಿಯದು. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ತೆರೆಯತ್ತ ಇಣುಕುತ್ತಾನೆ. ಅಲ್ಲಿ ನಾಯಕ ನಾಯಕಿಯ ಕೈಗೆ ಮುತ್ತಿಟ್ಟರೆ ಇವನೂ ಇಡುತ್ತಾನೆ, ಉಂಗುರ ತೊಡಿಸಿದರೆ ಇವನೂ ತೊಡಿಸುತ್ತಾನೆ. ಆಮೇಲೆ ತೆರೆಯ ಮೇಲೆ ದೃಶ್ಯ ಬದಲಾಗಿ ಅದೇ ಜೋಡಿ ಮಕ್ಕಳೊಂದಿಗೆ ಕೂತಿರುವುದು ಕಾಣುತ್ತದೆ. ಕೀಟನ್ ತಲೆ ಕೆರೆದುಕೊಳ್ಳುತ್ತಾನೆ, ಚಿತ್ರ ಮುಗಿಯುತ್ತದೆ. ಜಾಣತನದಲ್ಲಿ ಕೀಟನ್‌ನ ಚಿತ್ರ ಒಂದು ಕೈ ಮೇಲು. ಪ್ರೀತಿಯ ಬಿಸಿ ಬೇಕೆಂದರೆ ಲಾಯ್ಡ್‌ನ ಕಡೆಗೇ ಬರಬೇಕು. ಇನ್ನೂ ಬೇಕೆನ್ನುವವರಿಗೆ 1927ರ ಎರಡು ಚಿತ್ರಗಳಿವೆ: ಕ್ಲಾರಾ ಬೋ ಅಂಗಡಿ ಹುಡುಗಿಯಾಗಿ ಮಿಂಚುವ ‘ಇಟ್’, ಮೇರಿ ಪಿಕ್‌ಫರ್ಡ್‌ಳ ‘ಮೈ ಬೆಸ್ಟ್ ಗರ್ಲ್’.

ಇಂಥ ಚಿತ್ರವೊಂದು ಚಾಪ್ಲಿನ್ ಚಿತ್ರಗಳಂತೆ ನಮ್ಮ ಟಿ.ವಿ.ಗಳಲ್ಲಿ ಏಕೆ ಸುತ್ತಾಡಲಿಲ್ಲ? ಕಾರಣ ಬಹುಮಟ್ಟಿಗೆ ಲಾಯ್ಡೇ. ತನ್ನ ಚಿತ್ರಗಳ ಹಕ್ಕುಗಳನ್ನು ತಾನೇ ಇಟ್ಟುಕೊಂಡಿದ್ದ, ಟಿ.ವಿ.ಯವರು ಅವನ್ನು ಕತ್ತರಿಸಿ ಜಾಹೀರಾತಿನ ನಡುವೆ ತೋರಿಸುವುದು ಅವನಿಗೆ ಒಗ್ಗಲಿಲ್ಲ. 1971ರಲ್ಲಿ ಅವನು ತೀರಿಕೊಳ್ಳುವವರೆಗೂ ಹಾಗೇ ನಡೆಯಿತು. ಆ ಹಟದಿಂದ ಒಂದು ಇಡೀ ಪೀಳಿಗೆಗೆ ಅವನು ಅಪರಿಚಿತನಾದ. ಅದೇ ಹಟದಿಂದ ಚಿತ್ರಗಳು ಒಳ್ಳೆಯ ಸ್ಥಿತಿಯಲ್ಲಿ ಉಳಿದವು ಎಂಬುದೂ ನಿಜ. ಪೂರ್ತಿ ಉಳಿಯಲಿಲ್ಲ: 1943ರಲ್ಲಿ ಬೆವರ್ಲಿ ಹಿಲ್ಸ್‌ನ ಅವನ ಮನೆಯ ಆವರಣದ ಸಂಗ್ರಹದಲ್ಲಿ ಬೆಂಕಿ ಬಿದ್ದು ಆರಂಭದ ಎಷ್ಟೋ ಕಿರುಚಿತ್ರಗಳು ಸುಟ್ಟವು. ಆಗಿನ ನೈಟ್ರೇಟ್ ಫಿಲ್ಮು ಬಲು ಬೇಗ ಹೊತ್ತಿಕೊಳ್ಳುವಂಥದ್ದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಅಲ್ಲಿ ತಯಾರಾದ 11,000ದಷ್ಟು ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದವು ಶೇಕಡ 14 ಮಾತ್ರ. ನಮ್ಮ ದೇಶದ ಲೆಕ್ಕ ಇದಕ್ಕಿಂತಲೂ ಕೆಟ್ಟದು. ಮಾತು ಬರುವ ಮುನ್ನ ತಯಾರಾದ ಸಾವಿರಕ್ಕೂ ಮೀರಿದ ಚಿತ್ರಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. 1934ರಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತಾಡುವುದಕ್ಕೆ ಮೊದಲೇ ರಂಗಭೂಮಿಯ ಗುಬ್ಬಿ ವೀರಣ್ಣನವರು ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. ಅವುಗಳಲ್ಲೊಂದರ ಹೆಸರು ‘ಹಿಸ್ ಲವ್ ಅಫೇರ್’. ಹಾಸ್ಯದಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ವೀರಣ್ಣನವರು ಮಾತಿಲ್ಲದೆ ತೆರೆಯ ಮೇಲೆ ಹೇಗೆ ಕಂಡಿರಬಹುದು ಎಂಬ ಕುತೂಹಲ ಇಂದು ಕುತೂಹಲವಾಗಿಯೇ ಉಳಿಯಬೇಕಾಗಿದೆ.

‘ಗರ್ಲ್ ಶೈ’ಗೆ ಆ ಗತಿ ಬರಲಿಲ್ಲ. 2020ರ ಜನವರಿ 1ಕ್ಕೆ ಅಮೆರಿಕದಲ್ಲಿ ಅದರ ಕೃತಿಸ್ವಾಮ್ಯದ ಅವಧಿಯೂ ಮುಗಿದಿದ್ದು, ಅಂತರ್ಜಾಲದಲ್ಲಿ ಹುಡುಕಿದರೆ ಹಲವು ಪ್ರತಿಗಳು ಸಿಗುತ್ತವೆ. ಎಲ್ಲವೂ ಒಂದೇ ಗುಣಮಟ್ಟದವಲ್ಲ. ಸಂಗೀತವಿಲ್ಲದ್ದು, ಚಿತ್ರಕ್ಕೆ ಸಂಬಂಧವೇ ಇಲ್ಲದ ಪಿಯಾನೋ ಅಂಟಿಸಿದ್ದು, ಮಸುಕಾದದ್ದು, ಜನ ಗಡಿಬಿಡಿಯಲ್ಲಿ ಓಡುವಂಥದ್ದು ಸಿಕ್ಕರೆ ಬಿಟ್ಟು ಬೇರೆಯದನ್ನು ಹುಡುಕುವುದು ಒಳ್ಳೆಯದು. ಸರಿಯಾದ ಗತಿಯ ಪ್ರತಿ ಎಂಬತ್ತು ನಿಮಿಷದ ಆಸುಪಾಸಿನಲ್ಲಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ಮೊದಲರ್ಧ ಅವರಿಗೆ ನಿಧಾನ ಎನಿಸಿದರೂ, ಟ್ರಾಮಿನ ಹೊತ್ತಿಗೆ ಕರೆದು ಕೂರಿಸಬಹುದು. ಅಕ್ಷರಫಲಕದ ಇಂಗ್ಲಿಷ್ ಓದಲು ಬಾರದಿದ್ದರೂ ಆ ಭಾಗಕ್ಕೆ ಏನೂ ಅಡ್ಡಿಯಿಲ್ಲ.